ಬೆಚ್ಚಗಿನ ಕಡಲಿನ ಡೈವಿಂಗ್‌ಗೆ ವೆಟ್‌ಸೂಟ್ ಆರಿಸುವುದು ಹೇಗೆ

ನೇತ್ರಾಣಿ ದ್ವೀಪದ ಹತ್ತಿರ ನಾನು ಮೊದಲ ಸಲ ಡೈವ್ ಮಾಡಿದ ದಿನ ನೀರು 29 ಡಿಗ್ರಿ ಇತ್ತು. ಮುರುಡೇಶ್ವರದಿಂದ ಬೋಟಿನಲ್ಲಿ ಹೋಗುವಾಗ ಬೆವರು ಧಾರಾಕಾರ ಇಳಿಯುತ್ತಿತ್ತು, ನೀರಿಗೆ ಹಾರಿದ ತಕ್ಷಣ ಹಾಯ್ ಅನಿಸಿತು. ಆದರೆ ಎರಡನೇ ಡೈವ್ ಶುರುವಾಗಿ ಅರ್ಧ ಗಂಟೆ ಆಗುವಷ್ಟರಲ್ಲಿ ಹಲ್ಲು ಕಟಕಟ ಅನ್ನತೊಡಗಿತು. ಬಾಯಲ್ಲಿ ಟ್ಯಾಂಕಿನ ಗಾಳಿ ಕೊಡುವ ರೆಗ್ಯುಲೇಟರ್ ಕಚ್ಚಿಕೊಂಡು ನಡುಗುವುದು ಎಂಥ ಹಿಂಸೆ ಅಂತ ಅನುಭವಿಸಿದವರಿಗೇ ಗೊತ್ತು. ಪಕ್ಕದ ಬಂಡೆಯ ಸುತ್ತ ಮೀನಿನ ಹಿಂಡು ತಿರುಗುತ್ತಿತ್ತು, ಇನ್‌ಸ್ಟ್ರಕ್ಟರ್ ಕೈ ತೋರಿಸಿ ತೋರಿಸಿ ಹೇಳುತ್ತಿದ್ದರು, ನನ್ನ ತಲೆಯಲ್ಲಿ ಮಾತ್ರ ಯಾವಾಗ ಮೇಲೆ ಹೋಗುತ್ತೇವೆ ಅನ್ನುವುದೊಂದೇ.

ಕಾರಣ ಆಮೇಲೆ ಗೊತ್ತಾಯಿತು. ಬಾಡಿಗೆಗೆ ಕೊಟ್ಟಿದ್ದ ವೆಟ್‌ಸೂಟ್, ಅಂದರೆ ನೀರಿನಲ್ಲಿ ಮೈ ಬೆಚ್ಚಗಿಡುವ ರಬ್ಬರ್ ಉಡುಪು, ನನ್ನ ಮೈಗಿಂತ ಒಂದು ಸೈಜ್ ದೊಡ್ಡದು. ಕಾಲು ಬಡಿದಾಗಲೆಲ್ಲ ಕತ್ತಿನ ಹತ್ತಿರ ಹೊಸ ನೀರು ಒಳಗೆ ನುಗ್ಗಿ, ಬೆನ್ನಿನ ಉದ್ದಕ್ಕೂ ಜಾರಿ, ಸೊಂಟದ ಹಿಂದೆ ಒಂದು ಚೀಲದ ಹಾಗೆ ತುಂಬಿಕೊಂಡು, ಮುಂದಿನ ಸಲ ಕಾಲು ಬಡಿದಾಗ ಹೊರಗೆ ಹೋಗುತ್ತಿತ್ತು. ಅದೇ ಬೋಟಿನಲ್ಲಿದ್ದ ಗೆಳೆಯ ಅಷ್ಟೇ ದಪ್ಪದ, ಅಂಥದೇ ಸೂಟ್ ಹಾಕಿದ್ದ. ಅವನ ಮೈಗೆ ಅದು ಸರಿಯಾಗಿ ಅಂಟಿ ಕೂತಿತ್ತು. ಅವನಿಗೆ ಚಳಿಯೇ ಆಗಲಿಲ್ಲ.

ಅದಕ್ಕೇ ಹೇಳುತ್ತೇನೆ, ನಮ್ಮ ಕಡೆಯ ಬೆಚ್ಚಗಿನ ನೀರಿಗೆ ವೆಟ್‌ಸೂಟ್ ಕೊಳ್ಳುವಾಗ ಮೊದಲು ನೋಡಬೇಕಾದ್ದು ಅಳತೆ. ದಪ್ಪದ ಮಿಲಿಮೀಟರ್ ಲೆಕ್ಕ ಆಮೇಲೆ. ಬಣ್ಣ, ಬ್ರ್ಯಾಂಡ್ ಎಲ್ಲ ಅದಕ್ಕಿಂತ ಆಮೇಲೆ.

ಇಷ್ಟು ಬೆಚ್ಚಗಿನ ನೀರಿನಲ್ಲೂ ಚಳಿ ಯಾಕೆ?

ನಮ್ಮ ಮೈ 37 ಡಿಗ್ರಿ. ನೀರು 29. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿ ಎಳೆದುಕೊಳ್ಳುತ್ತದೆ. 29 ಡಿಗ್ರಿ ಗಾಳಿಯಲ್ಲಿ ಫ್ಯಾನ್ ಬೇಕು ಅನಿಸುತ್ತದೆ, ಅದೇ 29 ಡಿಗ್ರಿ ನೀರಿನಲ್ಲಿ ಮುಕ್ಕಾಲು ಗಂಟೆ ಇದ್ದರೆ ಬೆರಳು ತಣ್ಣಗಾಗುತ್ತದೆ. ಮೊದಲ ಡೈವ್‌ನಲ್ಲಿ ಇದು ಗೊತ್ತಾಗುವುದಿಲ್ಲ, ಎರಡನೆಯದರಲ್ಲಿ ಗೊತ್ತಾಗುತ್ತದೆ, ದಿನಕ್ಕೆ ಮೂರು ಡೈವ್ ಮಾಡುವ ಪ್ರವಾಸವಾದರೆ ಮೂರನೇ ದಿನದ ಹೊತ್ತಿಗೆ ಬೆಳಗ್ಗೆ ಎದ್ದಾಗಲೇ ಮೈ ಬೇಡ ಅನ್ನುತ್ತದೆ. ಆದ್ದರಿಂದ ಸೂಟ್ ಆರಿಸುವಾಗ ಮೊದಲ ಡೈವ್ ನೆನೆದು ಆರಿಸಬೇಡಿ, ದಿನದ ಕೊನೆಯ ಡೈವ್ ನೆನೆದು ಆರಿಸಿ.

ಚಳಿ ಅಂದರೆ ಬರೀ ಕಿರಿಕಿರಿ ಅಲ್ಲ. ನಡುಗುವವರು ಜಾಸ್ತಿ ಉಸಿರಾಡುತ್ತಾರೆ, ಟ್ಯಾಂಕ್ ಬೇಗ ಖಾಲಿಯಾಗುತ್ತದೆ. ಬೆರಳು ಮರಗಟ್ಟಿದರೆ ಬಕಲ್ ಬಿಚ್ಚುವುದು ಕಷ್ಟ. ಇನ್ನೊಂದು ಗಂಭೀರ ವಿಷಯವೂ ಇದೆ. ಮೇಲೆ ಬರುವ ಹೊತ್ತಿನಲ್ಲಿ ಮೈ ತಣ್ಣಗಾಗಿದ್ದರೆ ರಕ್ತದ ಓಡಾಟ ಕಡಿಮೆಯಾಗಿ, ಮೈಯಲ್ಲಿ ಸೇರಿಕೊಂಡ ನೈಟ್ರೋಜನ್ ಹೊರಗೆ ಹೋಗುವುದು ನಿಧಾನವಾಗುತ್ತದೆ. ಆ ನೈಟ್ರೋಜನ್ ಮೈಯೊಳಗೇ ಗುಳ್ಳೆಯಾಗಿ ಕಾಡುವ ಡಿಕಂಪ್ರೆಷನ್ ಕಾಯಿಲೆಯ ಅಪಾಯ ಅಲ್ಲಿ ಹೆಚ್ಚುತ್ತದೆ.

ಇನ್ನು ವೆಟ್‌ಸೂಟ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದು. ಒಳಗೆ ಹೊಕ್ಕ ನೀರು ಬಿಸಿಯಾಗಿ ನಮ್ಮನ್ನು ಬೆಚ್ಚಗಿಡುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಅದು ಅರ್ಧ ಮಾತ್ರ ನಿಜ. ನಿಜವಾದ ಕೆಲಸ ಮಾಡುವುದು ನಿಯೋಪ್ರೀನ್ ರಬ್ಬರಿನ ಒಳಗಿರುವ ಕೋಟಿಗಟ್ಟಲೆ ಸಣ್ಣ ಗಾಳಿಗುಳ್ಳೆಗಳು. ಮಲ್ಪೆ ಬಂದರಿನಲ್ಲಿ ಮೀನಿಗೆ ಐಸ್ ಹಾಕಿಡುವ ಥರ್ಮೋಕೋಲ್ ಪೆಟ್ಟಿಗೆ ನೋಡಿದ್ದೀರಲ್ವಾ, ಅದೇ ಕಥೆ. ಅಲ್ಲಿ ಹೊರಗಿನ ಬಿಸಿ ಒಳಗೆ ಬರದ ಹಾಗೆ ತಡೆಯುತ್ತದೆ, ಇಲ್ಲಿ ಒಳಗಿನ ಬಿಸಿ ಹೊರಗೆ ಹೋಗದ ಹಾಗೆ. ಒಳಗಿನ ನೀರು ತೆಳ್ಳಗೆ, ಅಲ್ಲಾಡದೆ ಇದ್ದರೆ ಸಾಕು, ಅದು ಒಂದೆರಡು ನಿಮಿಷದಲ್ಲಿ ಮೈಬಿಸಿಗೆ ಬರುತ್ತದೆ. ಅದು ಅಲ್ಲಾಡಿದರೆ, ಬದಲಾಗುತ್ತಾ ಹೋದರೆ, ಎಷ್ಟು ದಪ್ಪದ ಸೂಟ್ ಇದ್ದರೂ ಅಷ್ಟೇ. 1950ರ ದಶಕದ ಶುರುವಿನಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿದ್ದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್‌ಗೆ ಹೊಳೆದದ್ದು ಇದೇ. ಬಟ್ಟೆಯೇ ಬಿಸಿ ತಡೆಯುತ್ತಿದ್ದರೆ ಮೈ ಒದ್ದೆಯಾದರೂ ಪರವಾಗಿಲ್ಲ ಅಂತ. ಅಷ್ಟು ಸರಳ ವಿಷಯ ಯಾರಿಗಾದರೂ ಹೊಳೆಯಬೇಕಿತ್ತು, ನನಗೆ ಇವತ್ತಿಗೂ ಅದು ಅಚ್ಚರಿ.

ಆ ಗುಳ್ಳೆಗಳಿಗೆ ಒಂದು ದೌರ್ಬಲ್ಯ ಇದೆ. ಆಳಕ್ಕೆ ಹೋದಂತೆ ನೀರಿನ ಒತ್ತಡಕ್ಕೆ ಕುಗ್ಗುತ್ತವೆ. 10 ಮೀಟರ್‌ನಲ್ಲಿ ಒತ್ತಡ ಮೇಲಿನದರ ಎರಡರಷ್ಟು, 20 ಮೀಟರ್‌ನಲ್ಲಿ ಮೂರರಷ್ಟು, 30 ಮೀಟರ್‌ನಲ್ಲಿ ನಾಲ್ಕರಷ್ಟು. ರಬ್ಬರ್ ಭಾಗ ಕುಗ್ಗುವುದಿಲ್ಲ, ಗಾಳಿ ಭಾಗ ಕುಗ್ಗುತ್ತದೆ. ಅಂದರೆ ಅಂಗಡಿಯಲ್ಲಿ ನೀವು ದುಡ್ಡು ಕೊಟ್ಟ 3 ಮಿಲಿಮೀಟರ್ 25 ಮೀಟರ್ ಆಳದಲ್ಲಿ 3 ಮಿಲಿಮೀಟರ್ ಆಗಿ ಉಳಿದಿರುವುದಿಲ್ಲ. ಆಳದಲ್ಲೇ ಥರ್ಮೋಕ್ಲೈನ್ ಕೂಡ ಸಿಗುವುದು, ಅಂದರೆ ಮೇಲಿನ ಬೆಚ್ಚನೆ ನೀರು ಮುಗಿದು ಕೆಳಗಿನ ತಣ್ಣನೆ ನೀರು ಶುರುವಾಗುವ ಜಾಗ. ಮುಖಕ್ಕೆ ಫ್ರಿಜ್ ಬಾಗಿಲು ತೆಗೆದ ಹಾಗೆ ಆಗುತ್ತದೆ.

ಎಷ್ಟು ದಪ್ಪ?

ನೇತ್ರಾಣಿ ದಡದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿದೆ. ಮಳೆಗಾಲ ಬಿಟ್ಟು ಅಕ್ಟೋಬರ್‌ನಿಂದ ಮೇ ತನಕ ಡೈವಿಂಗ್ ಇರುತ್ತದೆ. ನೀರು 27ರಿಂದ 30 ಡಿಗ್ರಿಯ ಆಚೀಚೆ. ಒಂದೋ ಎರಡೋ ಡೈವ್, ಮಧ್ಯೆ ಬೋಟಿನಲ್ಲಿ ಬಿಸಿಲು. ಇದಕ್ಕೆ ತೋಳು ಕಾಲು ಅರ್ಧ ಇರುವ ಶಾರ್ಟಿ ಸೂಟೂ ನಡೆಯುತ್ತದೆ, ಬಹಳ ಜನ ಅದನ್ನೇ ಹಾಕುತ್ತಾರೆ. ನನ್ನ ಆಯ್ಕೆ ಮಾತ್ರ 3 ಮಿಲಿಮೀಟರ್‌ನ ಪೂರ್ತಿ ಸೂಟ್. ಅದು ಚಳಿಗಿಂತ ಹೆಚ್ಚಾಗಿ ಚರ್ಮಕ್ಕಾಗಿ. ನೀರಿನಲ್ಲಿ ಜೆಲ್ಲಿಮೀನಿನ ಎಳೆಗಳು ತೇಲುತ್ತಿರುತ್ತವೆ, ಬಂಡೆಯ ಮೇಲೆ ಗರಿಯ ಹಾಗೆ ಕಾಣುವ ಹೈಡ್ರಾಯ್ಡ್‌ಗಳು ಇರುತ್ತವೆ. ಅವು ತಾಗಿದರೆ ತುರಿಚೆ ಸೊಪ್ಪು ತಾಗಿದ ಹಾಗೆ ಉರಿದು ದದ್ದು ಏಳುತ್ತದೆ. ಬೋಟ್ ಕಟ್ಟುವ ಹಗ್ಗಕ್ಕೆ ಅಂಟಿದ ಚಿಪ್ಪುಗಳು ಬ್ಲೇಡಿನ ಹಾಗೆ ಮಂಡಿ ಕೊಯ್ಯುತ್ತವೆ. ಮಂಡಿ ಕೆಳಗೆ ಬಟ್ಟೆ ಇದ್ದರೆ ಈ ಯಾವ ತಾಪತ್ರಯವೂ ಇಲ್ಲ. ಹಾಗಂತ ಮೈ ಮುಚ್ಚಿದೆ ಅಂತ ಹವಳ ಹಿಡಿದುಕೊಳ್ಳಲು ಹೋಗಬೇಡಿ. ಗ್ಲೌಸ್ ಬೇಡ ಅಂತ ಎಷ್ಟೋ ಕಡೆ ಹೇಳುವುದೂ ಅದಕ್ಕೇ, ಈಜಿಪ್ಟಿನ ಕೆಂಪು ಸಮುದ್ರದ ಸಂರಕ್ಷಿತ ಜಾಗಗಳಲ್ಲಿ ಗ್ಲೌಸ್‌ಗೆ ನಿಷೇಧವೇ ಇದೆ.

ಅಂಡಮಾನ್, ಲಕ್ಷದ್ವೀಪ ಎರಡಕ್ಕೂ ಇದೇ 3 ಮಿಲಿಮೀಟರ್ ಸಾಕು. ಹ್ಯಾವ್‌ಲಾಕ್, ಅಂದರೆ ಈಗಿನ ಸ್ವರಾಜ್ ದ್ವೀಪದಲ್ಲಿ ನೆಮೋ ರೀಫ್‌ನಂಥ ಆಳವಿಲ್ಲದ ಜಾಗದಲ್ಲಿ ಕಲಿಯುವಾಗ ಬೆಚ್ಚಗೇ ಇರುತ್ತದೆ. ಕಲಿಕೆ ಮುಗಿಸಿ ಡಿಕ್ಸನ್ಸ್ ಪಿನಕಲ್ ತರಹದ ಆಳದ ಜಾಗಕ್ಕೆ ಹೋಗತೊಡಗಿದಾಗ ವ್ಯತ್ಯಾಸ ಗೊತ್ತಾಗುತ್ತದೆ.

ಮಾಲ್ಡೀವ್ಸ್ ನೀರೂ 27ರಿಂದ 30 ಡಿಗ್ರಿಯೇ. ಆದರೆ ಅಲ್ಲಿ ಜನ ಬೋಟಿನಲ್ಲೇ ಒಂದು ವಾರ ಉಳಿದು ದಿನಕ್ಕೆ ಮೂರು ಡೈವ್ ಮಾಡುತ್ತಾರೆ. ಎಷ್ಟೋ ಡೈವ್‌ಗಳಲ್ಲಿ ಹರಿವು ಜೋರಿರುವ ಕಡೆ ಒಂದೇ ಜಾಗದಲ್ಲಿ ಕೊಕ್ಕೆ ಹಾಕಿಕೊಂಡು ಶಾರ್ಕ್ ಬರುವುದನ್ನು ಕಾಯುತ್ತಾ ನಿಲ್ಲಬೇಕು. ಅಲ್ಲಾಡದೆ ನಿಂತ ಮೈ ಬೇಗ ತಣ್ಣಗಾಗುತ್ತದೆ. ಅಲ್ಲಿಗೆ 3 ಮಿಲಿಮೀಟರ್ ಸೂಟ್ ಜೊತೆ ಟೋಪಿ ಇರುವ ತೆಳು ವೆಸ್ಟ್ ಒಂದು ಒಯ್ಯಿರಿ, ಸೂಟ್ ಒಳಗೆ ಹಾಕುವಂಥದು. ಮೊದಲ ಎರಡು ದಿನ ಬ್ಯಾಗಿನಲ್ಲೇ ಇರುತ್ತದೆ, ನಾಲ್ಕನೇ ದಿನ ಅದು ಬಂಗಾರ. ಒಂದು ಸೂಟ್ ಕೊಂಡು ಅದಕ್ಕೆ ಇಂಥ ವೆಸ್ಟ್ ಸೇರಿಸುವುದು ಎರಡು ಸೂಟ್ ಕೊಳ್ಳುವುದಕ್ಕಿಂತ ಅಗ್ಗ, ಹೊರುವುದಕ್ಕೂ ಹಗುರ.

ದುಬೈ, ಶಾರ್ಜಾದಲ್ಲಿರುವ ನಮ್ಮವರು ಫುಜೈರಾ ಕಡೆ ಡೈವ್ ಮಾಡಲು ಹೋಗುತ್ತಾರೆ. ಅಲ್ಲಿ ಒಂದೇ ಸೂಟ್ ವರ್ಷವಿಡೀ ನಡೆಯುವುದಿಲ್ಲ. ಬೇಸಿಗೆಯಲ್ಲಿ ನೀರು 30 ದಾಟುತ್ತದೆ, ಮೈಗೆ ಅಂಟುವ ತೆಳು ಲೈಕ್ರಾ ಬಟ್ಟೆ ಸಾಕು. ಜನವರಿ, ಫೆಬ್ರವರಿಯಲ್ಲಿ 22-23ಕ್ಕೆ ಇಳಿಯುತ್ತದೆ, ಆಗ 5 ಮಿಲಿಮೀಟರ್ ಬೇಕೇ ಬೇಕು. ಕೆಂಪು ಸಮುದ್ರದ ಉತ್ತರ ಭಾಗವೂ ಹೀಗೆಯೇ. ಬಾಲಿಗೆ ಹೋಗುವವರು ಇನ್ನೂ ಹುಷಾರಾಗಿರಬೇಕು. ಬಾಲಿಯ ಬೇರೆ ಕಡೆ 28 ಡಿಗ್ರಿ ಇದ್ದರೂ ಪಕ್ಕದ ನುಸಾ ಪೆನಿಡಾದಲ್ಲಿ ಜುಲೈನಿಂದ ಅಕ್ಟೋಬರ್ ತನಕ ಆಳದ ತಣ್ಣೀರು ಮೇಲೆ ಬಂದು 20ರ ಹತ್ತಿರಕ್ಕೆ ಇಳಿಯುವುದುಂಟು. ಮೋಲಾ ಅನ್ನುವ ದೈತ್ಯ ಮೀನು ಆ ತಣ್ಣೀರಿನ ಜೊತೆಗೇ ಬರುತ್ತದೆ, ಅದನ್ನು ನೋಡಲೆಂದೇ ಜನ ಆ ತಿಂಗಳುಗಳಲ್ಲಿ ಹೋಗುತ್ತಾರೆ. ಬಾಲಿ ಅಂದರೆ ಬಿಸಿ ಜಾಗ ಅಂತ ಶಾರ್ಟಿ ಒಯ್ದರೆ ಕಷ್ಟ.

ಸೂಟ್ ಮೇಲೆ 3/2 ಅಂತ ಬರೆದಿದ್ದರೆ ಎದೆ, ಹೊಟ್ಟೆ, ಬೆನ್ನಿನ ಭಾಗ 3 ಮಿಲಿಮೀಟರ್, ಕೈಕಾಲು 2 ಮಿಲಿಮೀಟರ್ ಅಂತ ಅರ್ಥ. ಕೈ ಆಡಿಸುವುದಕ್ಕೆ ಸುಲಭ. ಇದು ನಮ್ಮ ನೀರಿಗೆ ಒಳ್ಳೆಯದು, ಸಿಕ್ಕರೆ ತೆಗೆದುಕೊಳ್ಳಿ. ಆದರೆ ಸರ್ಫಿಂಗ್‌ಗೆ ಅಂತ ಮಾಡಿದ 3/2 ಸೂಟ್ ಬೇರೆ, ಡೈವಿಂಗ್‌ನದು ಬೇರೆ. ಸರ್ಫಿಂಗ್‌ನವರು ಆಳಕ್ಕೆ ಹೋಗುವುದಿಲ್ಲವಾದ್ದರಿಂದ ಆ ರಬ್ಬರ್ ತುಂಬಾ ಮೆತ್ತಗೆ, ಆಳದಲ್ಲಿ ಬೇಗ ಕುಗ್ಗುತ್ತದೆ. ಟ್ರಯಥ್ಲಾನ್ ಸೂಟ್ ಅಂತೂ ಬೇಡವೇ ಬೇಡ. ಅದರ ಮೇಲ್ಮೈ ನುಣುಪು ರಬ್ಬರ್, ಟ್ಯಾಂಕಿನ ಪಟ್ಟಿ ತಿಕ್ಕಿದರೆ ಹರಿಯುತ್ತದೆ. ಎರಡೂ ಕಡೆ ನೈಲಾನ್ ಬಟ್ಟೆ ಅಂಟಿಸಿದ ನಿಯೋಪ್ರೀನ್ ತೆಗೆದುಕೊಳ್ಳಿ.

ಲೈಕ್ರಾ, ರ‍್ಯಾಶ್ ಗಾರ್ಡ್ ಇವೆಲ್ಲ ಬಿಸಿಲಿಗೆ, ತುರಿಕೆಗೆ ತಡೆ ಅಷ್ಟೇ. ಬೆಚ್ಚಗಿಡುವುದಿಲ್ಲ. ನಿಯೋಪ್ರೀನ್ ಇಲ್ಲದೆ, ಒಳಗೆ ಮೆತ್ತನೆ ಬಟ್ಟೆ ಇರುವ ಸೂಟ್‌ಗಳೂ ಬಂದಿವೆ, ಶಾರ್ಕ್‌ಸ್ಕಿನ್, ಫೋರ್ತ್ ಎಲಿಮೆಂಟ್ ಮಾಡುವಂಥವು. ಅವು ತೇಲುವುದೂ ಇಲ್ಲ, ಮುಳುಗಿಸುವುದೂ ಇಲ್ಲ, ಆಳಕ್ಕೆ ಹೋದರೂ ಕುಗ್ಗುವುದಿಲ್ಲ. ನಿಯೋಪ್ರೀನ್‌ನಿಂದ ಚರ್ಮಕ್ಕೆ ಅಲರ್ಜಿ ಆಗುವವರು ಇವನ್ನು ನೋಡಬಹುದು. ಯೂಲೆಕ್ಸ್ ಅಂತ ರಬ್ಬರ್ ಮರದ ಹಾಲಿನಿಂದ ಮಾಡಿದ ಸೂಟೂ ಸಿಗುತ್ತದೆ. ಸುಳ್ಯ, ಪುತ್ತೂರು ಕಡೆ ಬೆಳಗ್ಗೆ ಎದ್ದು ಚಿಪ್ಪಿಗೆ ರಬ್ಬರ್ ಹಾಲು ಇಳಿಸುವವರ ಮನೆಯಲ್ಲಿ ಬೆಳೆದವರಿಗೆ ಇದು ಕೇಳಿ ಖುಷಿಯಾಗಬಹುದು, ನನಗಂತೂ ಆಯಿತು.

ಅಳತೆ ನೋಡುವ ಕ್ರಮ

ಇಲ್ಲಿ ಸಮಯ ಕೊಡಿ. ಅಂಗಡಿಗೆ ಹೋದರೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಹೋಗಿ. ಮಧ್ಯಾಹ್ನ ಬಿಸಿಲಿನಲ್ಲಿ ನಡೆದು ಹೋಗಬೇಡಿ, ಬೆವರಿದ ಮೈಗೆ ಒಣ ನಿಯೋಪ್ರೀನ್ ಏರುವುದೇ ಇಲ್ಲ. ಒಳಗೆ ಈಜುಡುಗೆ ಹಾಕಿಕೊಂಡು ಹೋದರೆ ಅನುಕೂಲ.

ಹೆಂಗಸರು ಕಾಲುಂಗುರ, ಗೆಜ್ಜೆ, ಬಳೆ, ಕರಿಮಣಿ ಮೊದಲೇ ತೆಗೆದಿಡಿ. ನನ್ನ ಅತ್ತಿಗೆ ಮೊದಲ ಸಲ ಸೂಟ್ ಹಾಕುವಾಗ ಕಾಲುಂಗುರ ಒಳಗಿನ ನೈಲಾನ್ ನೂಲಿಗೆ ಸಿಕ್ಕಿಕೊಂಡಿತು. ಅದನ್ನು ಬಿಡಿಸುವಷ್ಟರಲ್ಲಿ ಹತ್ತು ನಿಮಿಷ ಹೋಯಿತು, ಪಾದದ ಹತ್ತಿರ ಒಂದು ಇಂಚು ನೂಲು ಎದ್ದು ಬಂತು, ಬೆರಳು ಕೆಂಪಾಗಿ ಊದಿಕೊಂಡಿತು. ಅಲ್ಲಿಂದ ಈಚೆಗೆ ಕಾಲಿಗೆ ಒಂದು ತೆಳು ಪ್ಲಾಸ್ಟಿಕ್ ಚೀಲ ಸಿಕ್ಕಿಸಿಕೊಂಡು ಸೂಟ್ ಒಳಗೆ ತೂರಿಸುವುದು ನಮ್ಮ ಮನೆಯವರೆಲ್ಲರ ಅಭ್ಯಾಸ. ಕಾಲು ಜರ್ರನೆ ಜಾರಿ ಹೋಗುತ್ತದೆ. ಆಚೆ ಬಂದ ಮೇಲೆ ಚೀಲ ತೆಗೆದು ಇನ್ನೊಂದು ಕಾಲಿಗೆ. ಕೈಗೂ ಅದೇ ಚೀಲ. ಚೀಲ ಹಾರಿ ಕಡಲಿಗೆ ಬೀಳದ ಹಾಗೆ ಮಾತ್ರ ನೋಡಿಕೊಳ್ಳಿ.

ಏರಿಸುವಾಗ ಉಗುರಿನಿಂದ ಹಿಡಿದು ಎಳೆಯಬೇಡಿ, ನಿಯೋಪ್ರೀನ್ ಮೇಲೆ ಅರ್ಧಚಂದ್ರದ ಗಾಯ ಬೀಳುತ್ತದೆ. ಬೆರಳಿನ ಮೆತ್ತನೆ ಭಾಗದಲ್ಲಿ ಮಡಿಕೆ ಹಿಡಿದು ಸ್ವಲ್ಪ ಸ್ವಲ್ಪವೇ ಮೇಲೆ ತಳ್ಳಿ. ಮೊದಲು ಮಂಡಿ, ಆಮೇಲೆ ತೊಡೆ, ಆಮೇಲೆ ಸೊಂಟ. ತೊಡೆಸಂದಿಗೆ ಸೂಟ್ ಪೂರ್ತಿ ಅಂಟುವ ತನಕ ತೋಳು ಹಾಕುವ ಆತುರ ಬೇಡ. ಇಲ್ಲೇ ಎಲ್ಲರೂ ತಪ್ಪುವುದು. ಕೆಳಗೆ ಎರಡು ಇಂಚು ಉಳಿದರೆ ಮೇಲೆ ಹೆಗಲು ಎಳೆಯುತ್ತದೆ, ಆಗ ಸೈಜ್ ಚಿಕ್ಕದು ಅಂತ ತಿಳಿದು ದೊಡ್ಡದು ಕೇಳುತ್ತೇವೆ, ಮನೆಗೆ ತರುವುದು ತಪ್ಪು ಸೂಟ್.

ಜಿಪ್ ಹಾಕಿದ ಮೇಲೆ ನಿಜವಾದ ಪರೀಕ್ಷೆ. ಮೊದಲು ಕೈ ಹಿಂದೆ ಮಾಡಿ ಸೊಂಟದ ಮೇಲಿನ ಗುಂಡಿ, ಬೆನ್ನು ಒಳಗೆ ಬಾಗುವ ಜಾಗ, ಅಲ್ಲಿ ಸೂಟ್ ಹಿಡಿದು ಎಳೆದು ನೋಡಿ. ಅಲ್ಲಿ ಗಾಳಿಯ ಜೇಬು ಇದ್ದರೆ ನೀರಿನಲ್ಲಿ ಅದೇ ನೀರಿನ ಜೇಬು. ನೇತ್ರಾಣಿಯಲ್ಲಿ ನನ್ನನ್ನು ನಡುಗಿಸಿದ್ದು ಈ ಜಾಗವೇ. ಆಮೇಲೆ ಕಂಕುಳು, ತೊಡೆಸಂದಿ, ಮಂಡಿಯ ಹಿಂಬದಿ. ಎರಡೂ ಕೈ ಮೇಲೆತ್ತಿ. ಕುಕ್ಕರಗಾಲಿನಲ್ಲಿ ಕೂತು ಏಳಿ. ಬಿಸಿಡಿ, ಅಂದರೆ ಟ್ಯಾಂಕ್ ಕಟ್ಟಿಕೊಳ್ಳುವ, ಗಾಳಿ ತುಂಬಿಸಿ ತೇಲುವಿಕೆ ಹೊಂದಿಸುವ ಜಾಕೆಟ್, ಅದರ ಬಕಲ್ ಹಾಕುವ ಹಾಗೆ ಕೈ ಆಡಿಸಿ. ಹೆಗಲು ನೋಯಬಾರದು.

ಎದೆ ತುಂಬಾ ಐದಾರು ಸಲ ನಿಧಾನವಾಗಿ ಉಸಿರು ಎಳೆದುಕೊಳ್ಳಿ. ಬಿಗಿ ಅನಿಸುವುದು ಸಹಜ, ಉಸಿರು ಅರ್ಧಕ್ಕೆ ನಿಲ್ಲುವುದು ಸಹಜ ಅಲ್ಲ. ಕುತ್ತಿಗೆಯ ವಿಷಯದಲ್ಲಿ ರಾಜಿ ಬೇಡ. ಕುತ್ತಿಗೆಯ ಎರಡೂ ಬದಿ ರಕ್ತದೊತ್ತಡ ಅಳೆಯುವ ನರಗಳಿವೆ. ಕಾಲರ್ ಅಲ್ಲಿ ಒತ್ತಿದರೆ ಒತ್ತಡ ಏರಿದೆ ಅಂತ ಮೈ ತಪ್ಪು ತಿಳಿದು ಹೃದಯದ ಬಡಿತ ಇಳಿಸುತ್ತದೆ, ತಲೆ ತಿರುಗುತ್ತದೆ. ಅಂಗಡಿಯಲ್ಲಿ ಐದು ನಿಮಿಷ ನಿಂತಾಗ ಸುಮ್ನೆ ಒಂಥರಾ ಆಗುತ್ತಿದೆ ಅನಿಸಿದರೂ ಆ ಸೂಟ್ ಬಿಚ್ಚಿ ವಾಪಸ್ ಕೊಡಿ. ಹೊಸ ನಿಯೋಪ್ರೀನ್ ಒದ್ದೆಯಾದಾಗ ಸ್ವಲ್ಪ ಸಡಿಲುತ್ತದೆ ಅನ್ನುವುದು ನಿಜ, ಆದರೆ ಕುತ್ತಿಗೆಗೆ ಆ ಮಾತು ನಂಬಿ ಕೊಳ್ಳಬೇಡಿ.

ಬಹಳಷ್ಟು ಸೂಟ್‌ಗಳನ್ನು ಯುರೋಪ್, ಅಮೆರಿಕದವರ ಮೈಕಟ್ಟಿಗೆ ಕತ್ತರಿಸಿರುತ್ತಾರೆ. ನಮ್ಮಲ್ಲಿ ಎಷ್ಟೋ ಜನರಿಗೆ ಎದೆ ಹೊಟ್ಟೆ ಸರಿಹೋದರೆ ಕಾಲು ಉದ್ದ, ಕಾಲು ಸರಿಹೋದರೆ ಹೊಟ್ಟೆ ಬಿಗಿ. ಹಾಗಾದಾಗ ಎದೆ, ಹೊಟ್ಟೆ, ಬೆನ್ನಿಗೆ ಸರಿಯಾಗುವುದನ್ನೇ ಆರಿಸಿ. ಪಾದದ ಹತ್ತಿರ ಎರಡು ಮಡಿಕೆ ಬಿದ್ದರೆ ತೊಂದರೆ ಇಲ್ಲ, ಬೆನ್ನಿನಲ್ಲಿ ಬೀಳಬಾರದು. ಸ್ಕೂಬಾಪ್ರೊ, ಮಾರೆಸ್, ಕ್ರೆಸ್ಸಿ, ಬೇರ್ ಎಲ್ಲರ ಸೈಜ್ ಪಟ್ಟಿಯೂ ಬೇರೆ ಬೇರೆ. ಒಬ್ಬರ ಎಂ ಇನ್ನೊಬ್ಬರ ಎಲ್ ಆಗಬಹುದು. ಡೆಕಥ್ಲಾನ್‌ನ ಸುಬಿಯಾ ನಮ್ಮ ಊರುಗಳಲ್ಲೂ ನೋಡಲು ಸಿಗುತ್ತದೆ, ಹಾಕಿ ನೋಡುವ ಅವಕಾಶ ಇರುವುದೇ ದೊಡ್ಡ ಅನುಕೂಲ. ಆನ್‌ಲೈನ್‌ನಲ್ಲಿ ತರಿಸುವವರು ಬರೀ ಎತ್ತರ ತೂಕ ನೋಡಿ ತರಿಸಬೇಡಿ. ಎದೆ, ಸೊಂಟ, ಪೃಷ್ಠ ಟೇಪ್ ಹಿಡಿದು ಅಳೆಯಿರಿ, ವಾಪಸ್ ಮಾಡುವ ನಿಯಮ ಓದಿ.

ಹೆಂಗಸರು ಗಂಡಸರ ಸೂಟ್ ಹಾಕಿ ಸುಧಾರಿಸಬೇಡಿ. ಎದೆ, ಸೊಂಟದ ಕತ್ತರಿಕೆಯೇ ಬೇರೆ, ಸೊಂಟದ ಹಿಂದೆ ಜೇಬು ಖಂಡಿತ. ಮೈಗೆ ಅಂಟುವ ಬಟ್ಟೆ ಹಾಕಿ ಬೋಟಿನಲ್ಲಿ ಎಲ್ಲರ ಮುಂದೆ ಓಡಾಡುವುದು ಮುಜುಗರ ಅನಿಸಿದರೆ ಸೂಟ್ ಮೇಲೆ ಒಂದು ಸಡಿಲ ಶಾರ್ಟ್ಸ್, ಒಂದು ಟೀ ಶರ್ಟ್ ಹಾಕಿ. ನೀರಿಗೆ ಇಳಿಯುವಾಗ ಟೀ ಶರ್ಟ್ ತೆಗೆದರಾಯಿತು, ಶಾರ್ಟ್ಸ್ ಇದ್ದರೂ ಡೈವಿಂಗ್‌ಗೆ ಏನೂ ಅಡ್ಡಿಯಿಲ್ಲ. ಈ ಒಂದು ಮುಜುಗರದಿಂದ ಎಷ್ಟು ಹೆಣ್ಣುಮಕ್ಕಳು ಬೋಟ್ ತನಕ ಬಂದು ವಾಪಸ್ ಹೋಗಿದ್ದಾರೋ, ನೆನೆದರೆ ಬೇಜಾರಾಗುತ್ತದೆ. ಉದ್ದ ಕೂದಲು ಇರುವವರು ಜಡೆ ಹೆಣೆದು ಮೇಲೆ ಕಟ್ಟಿ, ಬೆನ್ನಿನ ಜಿಪ್‌ಗೆ ಕೂದಲು ಸಿಕ್ಕಿದರೆ ಕಣ್ಣೀರು ಬರುತ್ತದೆ.

ಜಿಪ್ ಬೆನ್ನಿನ ಕಡೆ ಇರುವುದು ಸಾಮಾನ್ಯ, ಉದ್ದದ ದಾರ ಇರುತ್ತದೆ, ಒಬ್ಬರೇ ಎಳೆದುಕೊಳ್ಳಬಹುದು. ಹೆಗಲು ನೋವಿರುವವರಿಗೆ ಮುಂದಿನ ಜಿಪ್ ಸುಲಭ. ಜಿಪ್ ಹಿಂದೆ ಒಂದು ಪಟ್ಟಿ ನಿಯೋಪ್ರೀನ್ ಇರಲಿ, ಇಲ್ಲದಿದ್ದರೆ ನೀರು ಬರುವುದೂ ಅಲ್ಲೇ, ಚರ್ಮ ತರಚುವುದೂ ಅಲ್ಲೇ. ಹೊಲಿಗೆ ಚಪ್ಪಟೆಯಾಗಿ ಕೂತಿರುವ ಫ್ಲಾಟ್‌ಲಾಕ್ ಸಾಕು. ಅಂಟು ಹಾಕಿ, ಸೂಜಿ ಆಚೆ ಬರದ ಹಾಗೆ ಹೊಲಿದದ್ದು ತಣ್ಣೀರಿನವರಿಗೆ, ನಮ್ಮ ನೀರಿಗೆ ಅದಕ್ಕೆ ಜಾಸ್ತಿ ದುಡ್ಡು ಕೊಡುವ ಅಗತ್ಯ ಇಲ್ಲ.

ಬಾಡಿಗೆ ಸೂಟ್, ಹಳೇ ಸೂಟ್

ವರ್ಷಕ್ಕೆ ಒಂದು ಸಲ ಡೈವ್ ಮಾಡುವವರು ಕೊಳ್ಳುವುದೇ ಬೇಡ. ಬಾಡಿಗೆಯದನ್ನೇ ಸರಿಯಾಗಿ ಆರಿಸಿ. ಹಿಂದಿನ ದಿನವೇ ಹೋಗಿ ಹಾಕಿ ನೋಡುತ್ತೇನೆ ಅಂತ ಕೇಳಿ. ಬೆಳಗ್ಗೆ ಏಳು ಗಂಟೆಗೆ ಇಪ್ಪತ್ತು ಜನರ ಮಧ್ಯೆ ಕೈಗೆ ಸಿಕ್ಕ ಸೂಟ್ ತೆಗೆದುಕೊಂಡರೆ ನನಗಾದ ಗತಿಯೇ. ಹೆಬ್ಬೆರಳಿನಿಂದ ಬೆನ್ನಿನ ಭಾಗ ಒತ್ತಿ ಬಿಡಿ. ತಕ್ಷಣ ಮೇಲೆ ಬಂದರೆ ಗುಳ್ಳೆಗಳಿಗೆ ಜೀವ ಇದೆ. ಒತ್ತಿದ ಗುರುತು ಹಾಗೇ ಉಳಿದು, ರಬ್ಬರ್ ಕಾಗದದ ಹಾಗೆ ತೆಳ್ಳಗಾಗಿದ್ದರೆ ಅದು ಬರೀ ಬಟ್ಟೆ. ಯಾರಾದರೂ ಹಳೇ ಸೂಟ್ ಮಾರುತ್ತಿದ್ದರೂ ಇದೇ ಪರೀಕ್ಷೆ.

ತೂಕ ಮತ್ತೆ ನೋಡಿ

ಹೊಸ ಸೂಟ್ ಅಂದರೆ ಹೊಸ ಗಾಳಿಗುಳ್ಳೆ, ಅಂದರೆ ಹೆಚ್ಚು ತೇಲುವಿಕೆ. ಲೈಕ್ರಾದಿಂದ 3 ಮಿಲಿಮೀಟರ್‌ಗೆ ಬಂದರೆ ಮುಳುಗಲೆಂದು ಸೊಂಟಕ್ಕೆ ಕಟ್ಟಿಕೊಳ್ಳುವ ಸೀಸದ ತೂಕ ಒಂದೆರಡು ಕಿಲೋ ಹೆಚ್ಚು ಬೇಕಾಗಬಹುದು. ಅಂದಾಜು ಬೇಡ, ನೀರಿನಲ್ಲೇ ನೋಡಿ. ಟ್ಯಾಂಕಿನಲ್ಲಿ ಗಾಳಿಯ ಒತ್ತಡ 50 ಬಾರ್ ಉಳಿದಿರುವಾಗ, ಬಿಸಿಡಿಯ ಗಾಳಿ ಪೂರ್ತಿ ಬಿಟ್ಟು, ಸಾಧಾರಣ ಉಸಿರು ಹಿಡಿದು ನೆಟ್ಟಗೆ ನಿಂತರೆ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು, ಉಸಿರು ಬಿಟ್ಟಾಗ ನಿಧಾನವಾಗಿ ಇಳಿಯಬೇಕು. ತೂಕ ಕಡಿಮೆಯಾದರೆ ಮೇಲೆ ಬರುವ ಮುಂಚೆ 5 ಮೀಟರ್‌ನಲ್ಲಿ ಸ್ವಲ್ಪ ಹೊತ್ತು ತಡೆಯುವ ಸೇಫ್ಟಿ ಸ್ಟಾಪ್‌ನಲ್ಲಿ ನಿಲ್ಲಲು ಆಗುವುದಿಲ್ಲ, ಬಾಟಲಿಯ ಬಿರಡೆ ಹಾಗೆ ಮೇಲೆ ಬರುತ್ತೀರಿ. ಜಾಸ್ತಿಯಾದರೆ ಹವಳದ ಮೇಲೆ ಕೂರುತ್ತೀರಿ. ಈಜುಕೊಳದಲ್ಲಿ ನೋಡಿದ ಲೆಕ್ಕ ಕಡಲಿಗೆ ಹೊಂದುವುದಿಲ್ಲ, ಉಪ್ಪುನೀರು ಹೆಚ್ಚು ತೇಲಿಸುತ್ತದೆ.

ಬೋಟಿನಲ್ಲಿ

ಹೋಗುವಾಗ ಸೂಟ್ ಸೊಂಟದ ತನಕ ಮಾತ್ರ ಹಾಕಿಕೊಂಡಿರಿ. ನೇತ್ರಾಣಿಗೆ ಒಂದು ಗಂಟೆಗೂ ಮೇಲೆ ಪಯಣ. ಅಷ್ಟು ಹೊತ್ತು ಕಪ್ಪು ರಬ್ಬರಿನಲ್ಲಿ ಮೈ ಮುಚ್ಚಿಕೊಂಡು ಬಿಸಿಲಿಗೆ ಕೂತರೆ ನೀರಿಗೆ ಇಳಿಯುವ ಮೊದಲೇ ಸುಸ್ತು, ವಾಂತಿ. ಹಾರುವ ಐದು ನಿಮಿಷ ಮುಂಚೆ ಜಿಪ್ ಹಾಕಿ. ಡೈವ್ ಮುಗಿಸಿ ಬಂದ ಮೇಲೆ ಇದರ ಉಲ್ಟಾ. ಒದ್ದೆ ಸೂಟ್ ಮೇಲೆ ಗಾಳಿ ಬೀಸಿದರೆ ನೀರೊಳಗಿಗಿಂತ ಬೋಟಿನಲ್ಲೇ ಚಳಿ ಜಾಸ್ತಿ. ಮೇಲಿನ ಭಾಗ ಬಿಚ್ಚಿ, ಮೈ ಒರೆಸಿ, ಒಂದು ರೇನ್‌ಕೋಟ್ ಹಾಕಿಕೊಳ್ಳಿ.

ನಾಚಿಕೆ ಬಿಟ್ಟು ಇನ್ನೊಂದು ಮಾತು. ನೀರಿನ ಒತ್ತಡಕ್ಕೆ, ತಂಪಿಗೆ ಎಲ್ಲರಿಗೂ ಮೂತ್ರದ ಅವಸರ ಆಗುತ್ತದೆ. ಆಗಬಾರದು ಅಂತ ಬೆಳಗ್ಗಿನಿಂದ ನೀರೇ ಕುಡಿಯದೆ ಬರುವವರನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ, ಒಣಗಿದ ಮೈಗೆ ಡಿಕಂಪ್ರೆಷನ್ ಕಾಯಿಲೆಯ ಅಪಾಯ ಹೆಚ್ಚಬಹುದು. ನೀರು ಕುಡಿಯಿರಿ. ಸ್ವಂತ ಸೂಟ್‌ನಲ್ಲಿ ಆಗಿಬಿಟ್ಟರೆ ಕತ್ತಿನ ಹತ್ತಿರ ನೀರು ಬಿಟ್ಟು ತೊಳೆಯಿರಿ, ಮನೆಗೆ ಬಂದು ಬೇಬಿ ಶಾಂಪೂ ಹಾಕಿದ ನೀರಿನಲ್ಲಿ ನೆನೆಸಿ.

ಮನೆಗೆ ಬಂದ ಮೇಲೆ

ಪ್ರತಿ ಸಲ ಸಿಹಿನೀರಿನಲ್ಲಿ, ಒಳಗೂ ಹೊರಗೂ. ಬಿಸಿನೀರು ಬೇಡ, ವಾಷಿಂಗ್ ಮೆಷಿನ್ ಬೇಡ, ಇಸ್ತ್ರಿಯಂತೂ ಬೇಡವೇ ಬೇಡ. ಒಳಭಾಗ ಹೊರಗೆ ಮಾಡಿ ಮೊದಲು ಒಣಗಿಸಿ. ನೆರಳಿನಲ್ಲಿ, ಬಟ್ಟೆ ಒಣಹಾಕುವ ತಂತಿಗೆ ಅಲ್ಲ, ತಂತಿ ಕೊಯ್ದ ಗೆರೆ ಹಾಗೇ ಉಳಿಯುತ್ತದೆ. ದಪ್ಪ ಬಿದಿರಿನ ಗಳುವಿಗೆ ಸೊಂಟದ ಹತ್ತಿರ ಮಡಿಸಿ ಹಾಕಿ. ಜಿಪ್‌ಗೆ ಮೇಣದಬತ್ತಿ ಉಜ್ಜಿದರೆ ಸಾಕು. ಹಾಕಿಕೊಳ್ಳುವಾಗ ಜಾರಲಿ ಅಂತ ವ್ಯಾಸಲಿನ್ ಹಚ್ಚಬೇಡಿ, ರಬ್ಬರ್ ಹಾಳಾಗುತ್ತದೆ.

ಕರಾವಳಿಯವರಿಗೆ ದೊಡ್ಡ ಶತ್ರು ಜೂನ್‌ನಿಂದ ಸೆಪ್ಟೆಂಬರ್. ಡೈವಿಂಗ್ ನಿಂತಿರುತ್ತದೆ, ಸೂಟ್ ಕಪಾಟಿನಲ್ಲಿ ಮುದುರಿ ಬಿದ್ದಿರುತ್ತದೆ, ದೀಪಾವಳಿ ಹೊತ್ತಿಗೆ ತೆಗೆದು ನೋಡಿದರೆ ಬಿಳಿ ಬೂಷ್ಟು. ಹದಿನೈದು ದಿನಕ್ಕೊಮ್ಮೆ ತೆಗೆದು ಅರ್ಧ ದಿನ ಫ್ಯಾನ್ ಕೆಳಗೆ ಹರಡಿ. ಮಡಿಸಿ ಮೇಲೆ ಭಾರ ಇಡಬೇಡಿ, ಅಗಲ ಭುಜದ ಹ್ಯಾಂಗರ್‌ಗೆ ತೂಗುಹಾಕಿ. ಅಕ್ಟೋಬರ್‌ನಲ್ಲಿ ಬೋಟ್ ಬುಕ್ ಮಾಡುವ ವಾರ ಮುಂಚೆಯೇ ಮನೆಯಲ್ಲಿ ಒಂದು ಸಲ ಪೂರ್ತಿ ಹಾಕಿ, ಜಿಪ್ ಎಳೆದು, ಕೂತು ಎದ್ದು, ಕೈ ಹಿಂದೆ ಮಾಡಿ ಸೊಂಟದ ಗುಂಡಿ ಮುಟ್ಟಿ ನೋಡಿ. ನಾಲ್ಕು ತಿಂಗಳಲ್ಲಿ ನಮ್ಮ ಮೈಯೂ ಬದಲಾಗಿರುತ್ತದೆ.